ಮೇಲಿನ ಅಂಕಿಯನ್ನು ಮರೆಯದಿರೋಣ

ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರ ಕ್ಷೇತ್ರವನ್ನು ನಮ್ಮ ಓದುಗ ಕುಟುಂಬಗಳಿಗೆ ಪರಿಚಯಿಸಬೇಕಾದ ಅಗತ್ಯವಿಲ್ಲ. ಮನದಲ್ಲಿ ಹರಕೆ ಹೊತ್ತು ಕೊಳದ ಮುಂದೆ ಕುಳಿತ ಭಕ್ತರು, ಗಂಗೆಯ ಪ್ರಸಾದ ತೇಲಿಬರುವುದನ್ನೇ ಎವೆಯಿಕ್ಕದೆ ಕಾಯುತ್ತಾರೆ. ಅವರಲ್ಲಿ ಎಪ್ಪತ್ತು ದಾಟಿದ ಹಿರಿಯರೂ ಇರುತ್ತಾರೆ. ಬಹಳ ಹೊತ್ತು ಕುಳಿತು ಒಮ್ಮೆಲೇ ಎದ್ದಾಗ ಇಂಥವರಲ್ಲಿ ಕೆಲವರಿಗೆ ಕಣ್ಣಿಗೆ ಕತ್ತಲೆ ಕವಿಯುವುದುಂಟು. “ವಯಸ್ಸಾಯಿತಲ್ಲ” ಎಂಬ ಒಂದು ಮಾತಿನೊಡನೆ ಆ ವಿಚಾರ ಅಲ್ಲಿಗೇ ಮುಗಿಯುತ್ತದೆ. ವಯಸ್ಸಾದಾಗ ರಕ್ತನಾಳಗಳಲ್ಲಿ ಆಗುವುದೇನೆಂದು ಅರಿತರೆ, ಆ ಮಾತು ಅಷ್ಟು ಸುಲಭವಾಗಿ ಬಾಯಿಗೆ ಬಾರದು.

ನಮ್ಮ ಹೃದಯವು ನಿಮಿಷಕ್ಕೆ ಸುಮಾರು 70 ಬಾರಿ ಮಿಡಿದು, ಹತ್ತಿರ ಹತ್ತಿರ 5 ಲೀಟರ್ ರಕ್ತವನ್ನು ಮಹಾಧಮನಿಗೆ ನೂಕುತ್ತದೆ. ನೂಕುವುದು ಬಿಟ್ಟು ಬಿಟ್ಟು. ಅಂಗಾಂಗಗಳಿಗೆ ಬೇಕಾದುದು ಎಡೆಬಿಡದ ಹರಿವು. ಇದು ಹೇಗೆ ಸಾಧ್ಯ? ನಮ್ಮ ಜಿಲ್ಲೆಯವರು ಹಿರಿಯೂರಿನ ವಾಣಿವಿಲಾಸ ಸಾಗರವನ್ನು ನೆನೆದರೆ ಸಾಕು. ವೇದಾವತಿಗೆ ನೀರು ಬರುವುದು ಮಳೆ ಬಂದಾಗ. 1907ರಲ್ಲಿ ಮುಗಿದ ಆ ಕಟ್ಟೆ ಅದನ್ನು ತಡೆದಿರಿಸಿಕೊಂಡು, ಮಳೆಯಿಲ್ಲದ ತಿಂಗಳಲ್ಲಿಯೂ ನಾಲೆಗೆ ಬಿಡುತ್ತದೆ. ಮಹಾಧಮನಿಯೂ ಹಾಗೆಯೇ ಪ್ರತಿ ಮಿಡಿತದ ರಕ್ತದಲ್ಲಿ ಸುಮಾರು ಅರ್ಧವನ್ನು ತನ್ನ ಹಿಗ್ಗಿದ ಒಡಲಿನಲ್ಲಿ ಇರಿಸಿಕೊಂಡು, ಹೃದಯವು ವಿರಮಿಸುವ ಕ್ಷಣದಲ್ಲಿ ಕುಗ್ಗಿ ಮುಂದಕ್ಕೆ ಕಳುಹಿಸುತ್ತದೆ. ಕಲ್ಲಿನ ಕಟ್ಟೆ ಹಿಗ್ಗುವುದಿಲ್ಲ, ನಿಜ. ಉಪಮೆಗೂ ಒಂದು ಮಿತಿ ಉಂಟು.

ಹಿಗ್ಗುವ ಗುಣವನ್ನು ಕೊಡುವುದು ಧಮನಿಯ ಗೋಡೆಯಲ್ಲಿರುವ ಎಲಾಸ್ಟಿನ್ ಎಂಬ ನಾರು. ಇದು ಹೆಚ್ಚಾಗಿ ಗರ್ಭದಲ್ಲಿಯೂ ಬಾಲ್ಯದಲ್ಲಿಯೂ ಉತ್ಪತ್ತಿಯಾಗಿ, ಆಯುಷ್ಯಪೂರ್ತಿ ಬಾಳಬೇಕಾದ ಗಂಟು. ದಿನಕ್ಕೆ ಒಂದು ಲಕ್ಷ ಬಾರಿ ಹಿಗ್ಗಿ ಕುಗ್ಗಿ, ದಶಕಗಳು ಕಳೆದಂತೆ ಅದು ಸವೆದು ತುಂಡಾಗುತ್ತದೆ. ಅದರ ಎಡೆಯಲ್ಲಿ ಕೊಲಾಜೆನ್ ಎಂಬ ಬಿಗಿಯಾದ ನಾರು ಹೆಚ್ಚುತ್ತದೆ, ಸುಣ್ಣದಂಶವೂ ಸೇರುತ್ತದೆ. ಕೊಬ್ಬು ಕಟ್ಟಿ ನಾಳ ಕಿರಿದಾಗುವ ರೋಗ ಬೇರೆ, ಈ ಬಿಗಿತ ಬೇರೆ. ಸಕ್ಕರೆ ಕಾಯಿಲೆ, ಧೂಮಪಾನಗಳು ಎರಡನ್ನೂ ಬೇಗ ತರುತ್ತವೆ.

ಗರ್ಭದಲ್ಲಿಯೇ ದೊರೆತ ಗಂಟು ಎಂದಮೇಲೆ, ಕಡಿಮೆ ತೂಕದಲ್ಲಿ ಹುಟ್ಟಿದವರ ಧಮನಿಗಳು ಮುಂದೆ ಹೆಚ್ಚು ಬಿಗಿಯುತ್ತವೆಯೇ? ಈ ಪ್ರಶ್ನೆಗೆ ಉತ್ತರವನ್ನು ನಮ್ಮ ನಾಡಿನಲ್ಲಿಯೇ ಹುಡುಕಲಾಗಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾಖಲಿಸಿಡಲಾಗಿತ್ತು. ಆ ಶಿಶುಗಳು ನಡುವಯಸ್ಸು ಮುಟ್ಟಿದಾಗ ಸಂಶೋಧಕರು ಅವರನ್ನು ಹುಡುಕಿ ಪರೀಕ್ಷಿಸಿದರು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ರಕ್ತನಾಳಗಳ ರೋಗ ಹೆಚ್ಚೆಂದು 1996ರಲ್ಲಿ ವರದಿಯಾಯಿತು. ಆದರೆ ಧಮನಿಗಳ ಬಿಗಿತಕ್ಕೂ ಹುಟ್ಟಿದಾಗಿನ ಗಾತ್ರಕ್ಕೂ ಸಂಬಂಧ ಕಾಣಲಿಲ್ಲವೆಂದು 2000ದಲ್ಲಿ ಪ್ರಕಟವಾಯಿತು. ಅಂದು ಆ ದಪ್ಪ ಪುಸ್ತಕಗಳಲ್ಲಿ ತಾಳ್ಮೆಯಿಂದ ಬರೆದಿಟ್ಟವರ ಕಾಯಕವನ್ನು ನಾವು ನೆನೆಯಲೇಬೇಕು.

ಈಗ ಮನೆಮನೆಯ ವಿಷಯಕ್ಕೆ ಬರೋಣ. ಧಮನಿ ಬಿಗಿದಾಗ ರಕ್ತದೊತ್ತಡದ ಮೇಲಿನ ಅಂಕಿ ಏರುತ್ತದೆ. ಅರವತ್ತರ ಆಚೆಗೆ ಕೆಳಗಿನ ಅಂಕಿ ಇಳಿಯತೊಡಗುತ್ತದೆ. ಚೀಟಿಯಲ್ಲಿ 170, 70 ಎಂದು ಕಂಡರೆ, “ಕೆಳಗಿನದು ಚೆನ್ನಾಗಿದೆ, ಚಿಂತೆಯಿಲ್ಲ” ಎನ್ನುವವರು ಬಹಳ. “ವಯಸ್ಸಿಗೆ ನೂರು ಕೂಡಿಸಿದಷ್ಟು ಇರಬಹುದು” ಎಂಬ ಹಳೆಯ ಲೆಕ್ಕವೂ ಇನ್ನೂ ಸತ್ತಿಲ್ಲ. ಎರಡೂ ತಪ್ಪು. ಮಹಾಧಮನಿಯು ತಡೆದುಕೊಳ್ಳದ ಹೊಡೆತವು ಮೆದುಳು, ಮೂತ್ರಪಿಂಡಗಳ ಕೂದಲಿನಂಥ ನಾಳಗಳಿಗೆ ನೇರವಾಗಿ ತಗಲುತ್ತದೆ. ಹೃದಯದ ಸ್ನಾಯುವಿಗೆ ಹೆಚ್ಚಿನ ರಕ್ತ ದೊರೆಯುವುದು ಅದು ವಿರಮಿಸುವಾಗ. ಆದುದರಿಂದ ಕೆಳಗಿನ ಅಂಕಿ ತೀರ ಇಳಿಯುವುದೂ ಒಳ್ಳೆಯದಲ್ಲ. ಮೇಲಿನದು ಮಾತ್ರ 160 ದಾಟಿದ್ದ, ಅರವತ್ತು ಮೀರಿದ 4,736 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನದ ಫಲಿತಾಂಶ 1991ರಲ್ಲಿ ಹೊರಬಂದಿತು. ಔಷಧಿ ಪಡೆದವರಲ್ಲಿ ಪಾರ್ಶ್ವವಾಯು ಶೇಕಡ 36ರಷ್ಟು ಕಡಿಮೆಯಾಗಿತ್ತು.

ಕೊಳದ ಮುಂದೆ ಎದ್ದವರ ಕಣ್ಣು ಕತ್ತಲಿಗೂ ಈ ಬಿಗಿತಕ್ಕೂ ನಂಟಿದೆ. ನಾವು ಎದ್ದಾಗ ರಕ್ತ ಕಾಲಿನತ್ತ ಇಳಿಯುತ್ತದೆ. ಆಗ ಒತ್ತಡ ಕುಗ್ಗಿದುದನ್ನು ಗುರುತಿಸುವ ನರತುದಿಗಳು ಕುತ್ತಿಗೆಯ ಧಮನಿಯಲ್ಲಿಯೂ ಮಹಾಧಮನಿಯ ಕಮಾನಿನಲ್ಲಿಯೂ ಇವೆ. ಅವು ಅರಿಯುವುದು ಗೋಡೆಯ ಹಿಗ್ಗುವಿಕೆಯಿಂದ. ಗೋಡೆಯೇ ಬಿಗಿದರೆ ಸುದ್ದಿ ಮೆದುಳಿಗೆ ಸರಿಯಾಗಿ ಮುಟ್ಟದು. ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ ಬಹಳ ಹೊತ್ತು ಕುಳಿತ ಹಿರಿಯರು ಪೂಜೆ ಮುಗಿದೊಡನೆ ಏಳದೆ, ಕಾಲು ನೀಡಿ ಆಡಿಸಿ, ಗೋಡೆಯನ್ನೋ ಮಕ್ಕಳ ಕೈಯನ್ನೋ ಆಧರಿಸಿ ನಿಧಾನವಾಗಿ ಏಳಬೇಕು. ದಾಸೋಹದ ಹೊಟ್ಟೆತುಂಬ ಊಟವಾದ ಮೇಲೂ ಒತ್ತಡ ಇಳಿಯಬಹುದು. ಆಗಲೂ ಅವಸರ ಬೇಡ.

ಉಪ್ಪು ದಿನಕ್ಕೆ 5 ಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳೂ ಆ ಲೆಕ್ಕದಲ್ಲಿಯೇ ಸೇರುತ್ತವೆಂಬುದನ್ನು ಮನೆಯ ತಾಯಂದಿರಿಗೆ ಹೇಳಲು ನಮಗೆ ಸಂಕೋಚ! ದಿನವೂ ಬಿರುಸಾಗಿ ನಡೆಯುವವರ ಧಮನಿಗಳು ಒಂದಿಷ್ಟು ಸಡಿಲಗೊಳ್ಳುತ್ತವೆ. ನಡುವಯಸ್ಸಿನವರಲ್ಲಿ ಮೂರು ತಿಂಗಳಲ್ಲಿಯೇ ಇದು ಕಂಡುಬಂದಿದೆ.

ತಲೆ ಸುತ್ತಿತೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವವರೂ ಇದ್ದಾರೆ. ಹಾಗೆ ಮಾಡದೆ, ಮುಂದಿನ ಸಲ ಅಜ್ಜ ಅಜ್ಜಿಯರನ್ನು ವೈದ್ಯರ ಬಳಿಗೆ ಕರೆದೊಯ್ದಾಗ, ಕುಳಿತಾಗ ಒಮ್ಮೆ, ಎದ್ದು ನಿಂತು ಮೂರು ನಿಮಿಷದೊಳಗೆ ಇನ್ನೊಮ್ಮೆ ಬಿ.ಪಿ. ನೋಡಿರೆಂದು ಕೇಳಿ, ಎರಡೂ ಬಾರಿಯ ಎರಡೂ ಅಂಕಿಗಳನ್ನು ಬರೆದುಕೊಂಡು ಬನ್ನಿ.