ಬಯೋಮೆಡಿಕಲ್ ಬೇಕಾ? ಗಣಿತ ಬಿಡಬೇಡಿ!

ಡಯಾಲಿಸಿಸ್ ಯಂತ್ರ ನೋಡಿದ್ದೀರಾ? ಒಂದು ಕಡೆ ರಕ್ತ, ಇನ್ನೊಂದು ಕಡೆ ದ್ರಾವಣ, ನಡುವೆ ತೆಳುವಾದ ಪೊರೆ. ಇಂಥ ಯಂತ್ರ ರೂಪಿಸೋದು, ಕೆಟ್ಟರೆ ಸರಿಮಾಡೋದು ಬಯೋಮೆಡಿಕಲ್ ಎಂಜಿನಿಯರ್ ಕೆಲಸ.

ಹೆಸರಲ್ಲಿ ಮೆಡಿಕಲ್ ಇದ್ದರೂ ನೀಟ್ ಬೇಕಿಲ್ಲ, ಸಿಇಟಿ ಬರೀರಿ. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಕಡ್ಡಾಯ, ಜೊತೆಗೆ ರಸಾಯನಶಾಸ್ತ್ರ, ಜೀವಶಾಸ್ತ್ರದಂಥ ಇನ್ನೊಂದು ವಿಷಯ. ಮೂರೂ ಸೇರಿ ಸಾಮಾನ್ಯ ವರ್ಗಕ್ಕೆ ಶೇ. 45, ಮೀಸಲಾತಿಯವರಿಗೆ ಶೇ. 40 ಅಂಕ. ಡಾಕ್ಟರಾಗ್ತೀನಿ ಅಂತ ಗಣಿತ ಬಿಟ್ಟಿರೋ, ಈ ಬಾಗಿಲು ಮುಚ್ಚಿತು!

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮಕ್ಕಳಿಗೆ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಇದೆ, ಹೌದು, ಹರಪನಹಳ್ಳಿಗೂ. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ. 70, ರಾಜ್ಯದ ಉಳಿದೆಡೆ ಶೇ. 8 ಸೀಟು ಮೀಸಲು. ಉಪವಿಭಾಗಾಧಿಕಾರಿ ಕೊಡುವ ಅರ್ಹತಾ ಪ್ರಮಾಣಪತ್ರ ಈಗಲೇ ಮಾಡಿಸಿಟ್ಟುಕೊಳ್ಳಿ.