ಕ್ರಿಸ್ಮಸ್ ತಾತ ಎಲ್ಲಿಯವನು?

ಡಿಸೆಂಬರ್ 25ರ ಹಬ್ಬಕ್ಕೆ ಮಕ್ಕಳಿಗೆ ಉಡುಗೊರೆ ಹಂಚುವ ಕೆಂಪಂಗಿಯ ಮುದುಕನನ್ನು ಕನ್ನಡದಲ್ಲೂ ತೆಲುಗಿನಲ್ಲೂ ಕ್ರಿಸ್ಮಸ್ ತಾತ ಎಂದೇ ಕರೆಯುತ್ತೇವೆ. ಈ ತಾತ ಎಲ್ಲಿಯವನು, ಬಲ್ಲಿರಾ?

ಈಗಿನ ತುರ್ಕಿ ದೇಶದಲ್ಲಿ ಮೈರಾ ಎಂಬ ಊರಿತ್ತು. ನಾಲ್ಕನೆಯ ಶತಮಾನದಲ್ಲಿ ಅಲ್ಲಿ ನಿಕೋಲಾಸ್ ಎಂಬ ಬಿಷಪ್ ಇದ್ದರು. ಅವರ ಬಗೆಗೆ ಒಂದು ಐತಿಹ್ಯವಿದೆ. ಬಡವನೊಬ್ಬನಿಗೆ ಮೂವರು ಹೆಣ್ಣುಮಕ್ಕಳು, ವರದಕ್ಷಿಣೆಗೆ ದುಡ್ಡಿಲ್ಲ. ಮಕ್ಕಳನ್ನು ಮಾರುವ ಗತಿ ಬಂದಾಗ ನಿಕೋಲಾಸರು ರಾತ್ರಿ ಕಿಟಕಿಯಿಂದ ಹೊನ್ನಿನ ಗಂಟು ಎಸೆದು ಹೋದರಂತೆ. ಹೀಗೆ ಮೂರು ಸಲ. ಹೆಸರು ಹೇಳಲಿಲ್ಲ, ಪಡೆದವರು ತಲೆತಗ್ಗಿಸಬೇಕಾಗಲಿಲ್ಲ. ಡಚ್ಚರ ಬಾಯಲ್ಲಿ ಅವರು ಸಿಂಟರ್‌ಕ್ಲಾಸ್, ಅಮೆರಿಕದಲ್ಲಿ ಸಾಂಟಾಕ್ಲಾಸ್ ಆದರು.

ಉಡುಗೊರೆಯ ಮೂಲ ಇನ್ನೂ ಹಿಂದಿನದು. ಮೂಡಣ ದೇಶದ ಜ್ಞಾನಿಗಳು ಶಿಶು ಯೇಸುವಿಗೆ ಚಿನ್ನ, ಧೂಪ, ರಕ್ತಬೋಳ ಅರ್ಪಿಸಿದರೆಂದು ಮತ್ತಾಯನ ಸುವಾರ್ತೆ ಹೇಳುತ್ತದೆ.

ನಮ್ಮ ಕಡೆ ಕೊಡುಗೆಯೆಂದರೆ ತಿಂಡಿಯ ತಟ್ಟೆ. ಮಂಗಳೂರಿನ ಕ್ರೈಸ್ತರು ಗುಳಿಯೊ, ಕಿಡಿಯೊ, ನೆವ್ರಿ ಸೇರಿದ ‘ಕುಸ್ವಾರ್’ ಮಾಡಿ ನೆರೆಯ ಹಿಂದೂ, ಮುಸ್ಲಿಂ ಮನೆಗಳಿಗೂ ಕಳಿಸುತ್ತಾರೆ. ನಮ್ಮ ತೆಲಂಗಾಣದ ಮೆದಕ್ ಚರ್ಚು 1924ರ ಡಿಸೆಂಬರ್ 25ರಂದೇ ಪ್ರತಿಷ್ಠೆಯಾಯಿತು. ಬರಗಾಲದಲ್ಲಿ ಅದನ್ನು ಕಟ್ಟಿದವರಿಗೆ ಅನ್ನ ದೊರೆಯಿತೆಂದು ಜನ ಇಂದಿಗೂ ನೆನೆಯುತ್ತಾರೆ.

ಈ ಸಲ ನೆರೆಮನೆಯಿಂದ ತಟ್ಟೆ ಬಂದರೆ, ಕೇಳುಗರೆ, ಬರಿದಾಗಿ ಹಿಂದಿರುಗಿಸಬೇಡಿ.