ನೀರಲ್ಲಿ ಕರಗದ ಅರಿಶಿನಕ್ಕೆ ಒಂದು ಪೀಪಾಯಿ

ನಮ್ಮ ಅರಿಶಿನಕುಂಟೆಯ ಹೆಸರಲ್ಲೇ ಒಂದು ಕೆಮಿಸ್ಟ್ರಿ ಪ್ರಶ್ನೆ ಇದೆ. ಕುಂಟೆಯ ನೀರಿಗೆ ಅರಿಶಿನ ಹಾಕಿದರೆ ಕರಗುತ್ತಾ? ಒಂದು ಲೋಟ ನೀರಿಗೆ ಚಿಟಿಕೆ ಹಾಕಿ ನೋಡಿ. ಸ್ವಲ್ಪ ಹೊತ್ತಿಗೆ ಪುಡಿ ತಳ ಸೇರುತ್ತೆ. ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ಅಣುವಿಗೆ ನೀರು ಅಂದ್ರೆ ಆಗಲ್ಲ. ಬೆಳಕೂ ಅಷ್ಟೇ: ಬಟ್ಟೆ ಮೇಲಿನ ಅರಿಶಿನದ ಕಲೆ ಬಿಸಿಲಿಗೆ ಮಾಸುತ್ತೆ. ಕರ್ಕ್ಯುಮಿನ್ ಅನ್ನು ಔಷಧಿಯಾಗಿ ಬಳಸಲು ಇವೆರಡೂ ಅಡ್ಡಿ.

2017ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಾರ್ಥಸಾರಥಿ ಮುಖರ್ಜಿಯವರ ತಂಡ ಇದಕ್ಕೊಂದು ಪಾತ್ರೆ ಮಾಡಿತು. ಪಾತ್ರೆಯೇ ಒಂದು ಅಣು! ಅದರಲ್ಲಿ 8 ಪಲ್ಲಾಡಿಯಂ ಅಯಾನು, 4 ಸಾವಯವ ಅಣು. ಒಂದೊಂದು ಸಾವಯವ ಅಣುವಿಗೆ 4 ಕೈ, ಒಟ್ಟು 16. ಒಂದೊಂದು ಪಲ್ಲಾಡಿಯಂ 90 ಡಿಗ್ರಿ ಕೋನದಲ್ಲಿ 2 ಕೈ ಹಿಡಿಯುತ್ತೆ, ಅದೂ 16. ಲೆಕ್ಕ ಸರಿಹೋಗಿ, ಬಿಡಿಭಾಗಗಳು ತಾವೇ ಜೋಡಿಕೊಂಡು ಬಾಯಿ ತೆರೆದ ಪೀಪಾಯಿ ಆಗುತ್ತವೆ.

ಒಳಗೆ ಬಂದ ಅತಿಥಿಯನ್ನು ಹಿಡಿದಿಡೋದು ಹೇಗೆ? ಬೆಸುಗೆ ಇಲ್ಲ, ಹೊಸ ಕೋವೇಲೆಂಟ್ ಬಂಧವೂ ಇಲ್ಲ. ಪಲ್ಲಾಡಿಯಂನ ಧನ ಆವೇಶದಿಂದಾಗಿ ಪೀಪಾಯಿ ನೀರಲ್ಲಿ ಕರಗುತ್ತೆ. ಒಳಗೋಡೆ ಮಾತ್ರ ಬೆಂಜೀನ್‌ನಂಥ ಉಂಗುರಗಳದ್ದು, ನೀರಿಗೆ ಒಗ್ಗದ ಜಾಗ. ಅಲ್ಲಿ ಸಿಕ್ಕಿಕೊಂಡ ನೀರಿನ ಅಣುಗಳು ಹೊರಗಿನ ತಮ್ಮ ಬಳಗ ಸೇರಿದರೆ ಶಕ್ತಿಯ ಲೆಕ್ಕದಲ್ಲಿ ಲಾಭ. ಅವು ಖಾಲಿ ಮಾಡಿದ ಜಾಗಕ್ಕೆ, ನೀರನ್ನು ಕಂಡರಾಗದ ಕರ್ಕ್ಯುಮಿನ್ ಬಂದು ಕೂರುತ್ತೆ. ಆಕಾರ, ಅಳತೆ ಹೊಂದಿದಷ್ಟೂ ಹಿಡಿತ ಬಿಗಿ. ಗೋಡೆಗಳು ಬೆಳಕನ್ನು ಹೀರಿ ಅತಿಥಿಗೆ ಕೊಡೆಯೂ ಆಗುತ್ತವೆ.

ಪ್ರಯೋಗದಲ್ಲಿ ಈ ಪೀಪಾಯಿ ಕರ್ಕ್ಯುಮಿನ್ ಅನ್ನು ಹೀಲಾ ಕ್ಯಾನ್ಸರ್ ಕೋಶಗಳೊಳಗೆ ಮುಟ್ಟಿಸಿತು. ಅಲ್ಲಿ ಅದು ಕೆಲಸವನ್ನೂ ಮಾಡಿತು. ಆದರೆ ಇವು ಲ್ಯಾಬ್‌ನಲ್ಲಿ ಬೆಳೆಸಿದ ಕೋಶಗಳು. ರೋಗಿಯ ದೇಹ ಬೇರೆಯೇ ಪರೀಕ್ಷೆ, ನೆನಪಿರಲಿ.

ಹಾಗಂತ ಇದು ಬರೀ ಲ್ಯಾಬ್ ಆಟವಲ್ಲ. 8 ಗ್ಲೂಕೋಸ್ ಘಟಕಗಳ ಉಂಗುರವಾದ ಗಾಮಾ ಸೈಕ್ಲೋಡೆಕ್ಸ್‌ಟ್ರಿನ್ ಅನ್ನು ಮಾರ್ಪಡಿಸಿ ಮಾಡಿದ ಸುಗಮಾಡೆಕ್ಸ್ ಈಗಾಗಲೇ ಆಪರೇಷನ್ ಥಿಯೇಟರ್‌ಗಳಲ್ಲಿದೆ. ಆಪರೇಷನ್‌ಗೆಂದು ಸ್ನಾಯು ಸಡಿಲಿಸಲು ಕೊಟ್ಟ ರೊಕ್ಯುರೋನಿಯಂ ಅಣುಗಳನ್ನು ಅದು ರಕ್ತದಲ್ಲೇ ತನ್ನೊಳಗೆ ಸೆರೆಹಿಡಿಯುತ್ತೆ. ಸ್ನಾಯುಗಳಿಗೆ ಬಲ ಮರಳುತ್ತೆ, ರೋಗಿ ತಾನಾಗಿ ಉಸಿರಾಡ್ತಾರೆ. ಒಂದು ಪಾತ್ರೆ ಔಷಧಿಯನ್ನು ಹೊತ್ತು ತರುತ್ತೆ, ಇನ್ನೊಂದು ಹೊತ್ತು ಒಯ್ಯುತ್ತೆ. ಎರಡರಲ್ಲೂ ಕೆಲಸ ಮಾಡೋದು ಒಳಗಿನ ಖಾಲಿ ಜಾಗವೇ.